ನಾಲ್ಕು ಮಂಚದ ಸಾಲ

ನಮ್ಮೂರಿಗೆ ಹೊಸದಾಗಿ ಬಂದವರಿಗೆ ನಾವು ಮೊದಲು ಹೇಳಿಕೊಡುವುದು ಒಂದೇ ಮಾತು: ಯಾರ ಮನೆಗೆ ಹೋದರೂ ಮನೆ ಚೆನ್ನಾಗಿದೆ ಎನ್ನಬೇಡಿ. ಚಹಾ ಚೆನ್ನಾಗಿದೆ ಅನ್ನಿ, ಮಕ್ಕಳು ಚೂಟಿಯಾಗಿದ್ದಾರೆ ಅನ್ನಿ, ಬೇಕಾದರೆ ಮನೆಯೊಡತಿಯ ಸೀರೆಯನ್ನು ಹೊಗಳಿ. ಮನೆಯ ಸುದ್ದಿಗೆ ಮಾತ್ರ ಹೋಗಬೇಡಿ. ಹೊಗಳಿದರೆ ನಮ್ಮೂರ ಮನೆಗಳು ಹಿಗ್ಗುತ್ತವೆ. ಪಡಸಾಲೆ ಅಗಲವಾಗುತ್ತದೆ, ಗೋಡೆ ಪಕ್ಕದವರ ಹಿತ್ತಲಿಗೆ ಸರಿಯುತ್ತದೆ, ಅಲ್ಲಿ ಒಣಹಾಕಿದ ಸಂಡಿಗೆಯ ಮೇಲೆ ಮಣ್ಣು ಉದುರುತ್ತದೆ, ಆಮೇಲೆ ಜಗಳ. ಹಿಗ್ಗಿದ್ದನ್ನು ಇಳಿಸಬೇಕಾದರೆ ಮನೆಯವರೇ ಬೈಯಬೇಕು. ಹೊರಗಿನವರು ಎಷ್ಟು ಬೈದರೂ ಮನೆ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಹೊಗಳಿಕೆ ಯಾರದ್ದಾದರೂ ಸೈ, ಬೈಗುಳ ಮಾತ್ರ ತನ್ನವರದ್ದೇ ಆಗಬೇಕು. ಬರೀ ಮುಖಸ್ತುತಿ ಎಂದು ಮನೆಗೆ ಗೊತ್ತಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಗೊತ್ತಾಗುತ್ತದೆ. ಗೊತ್ತಾದರೂ ಹಿಗ್ಗುತ್ತದೆ, ನಿಮ್ಮ ನಮ್ಮ ಹಾಗೆಯೇ.

ಇಂಥ ಊರಿನಲ್ಲಿ ಅಡಿ, ಗಜದ ಲೆಕ್ಕ ನಡೆಯುವುದಿಲ್ಲ. ಅಳೆದು ಮುಗಿಸುವಷ್ಟರಲ್ಲಿ ಯಾರೋ ಬಂದು ಒಳ್ಳೆಯ ಮಾತಾಡಿದರೆ ಅಳತೆಯೆಲ್ಲ ಹಾಳು. ಅದಕ್ಕೇ ನಾವು ಮಂಚದ ಲೆಕ್ಕ ಇಟ್ಟುಕೊಂಡಿದ್ದೇವೆ. ಎಷ್ಟು ಮಂಚ ಹಿಡಿಸುತ್ತದೋ ಅಷ್ಟು ಮಂಚದ ಮನೆ. ನಮ್ಮದು ಎರಡು ಮಂಚದ್ದು. ಅದು ತಾನಾಗಿ ಎರಡು ಮಂಚದ್ದಲ್ಲ, ನಾನು ದಿನಾ ಬೆಳಿಗ್ಗೆ ಕಸ ಗುಡಿಸುತ್ತ ಬೈದು ಬೈದು ಎರಡಕ್ಕೆ ತಂದು ನಿಲ್ಲಿಸಿದ್ದು.

ನಾನು ಕಸ್ತೂರಿ. ಬಾಯಿ ಸ್ವಲ್ಪ ಜೋರು ಎಂದು ಓಣಿಯಲ್ಲಿ ಹೇಳುತ್ತಾರೆ. ಹೇಳುವವರ ಬಾಯಿ ಏನು ಕಡಿಮೆಯೇ? ಮೊದಲು ಕುಪ್ಪಸ ಹೊಲಿಯುತ್ತಿದ್ದೆ. ಬೆರಳ ಗಂಟುಗಳು ಬಾತು ಸೂಜಿಗೆ ದಾರ ಪೋಣಿಸಲೂ ಆಗದ ಸ್ಥಿತಿ ಬಂದಾಗ ಮಾಸಾಶನ ಕಚೇರಿಯವರು ನನ್ನನ್ನು ನಿರಾಧಾರ ಎಂದು ಬರೆದುಕೊಂಡರು. ಮದುವೆಯಿಲ್ಲ, ಮಕ್ಕಳಿಲ್ಲ, ಕೈ ನಡೆಯುವುದಿಲ್ಲ, ಇನ್ನೇನು ಬೇಕು? ತಿಂಗಳ ಮೊದಲ ವಾರ ಮಾಸಾಶನ ಬರುತ್ತಿತ್ತು. ಅದಕ್ಕೊಂದು ನಿಯಮ. ನಿರಾಧಾರರು ಇರುವ ಮನೆ ಎರಡು ಮಂಚಕ್ಕಿಂತ ದೊಡ್ಡದಿರಕೂಡದು. ವರ್ಷಕ್ಕೊಮ್ಮೆ ಕಚೇರಿಯ ಕುಲಗೋಡ ಸಾಹೇಬರು ಸೈಕಲ್ಲಿಗೆ ಮಡಚುವ ಮಂಚ ಕಟ್ಟಿಕೊಂಡು ಬಂದು ನೋಡಿ ಹೋಗುತ್ತಿದ್ದರು. ಹಾಗಾಗಿ ನನ್ನ ಬೈಗುಳವೂ ಒಂದು ನೌಕರಿಯಿದ್ದಂತೆಯೇ ಆಗಿತ್ತು.

ಆ ಮನೆ ಚಂದ್ರವ್ವ ಅತ್ತೆಯದು, ನಮ್ಮಪ್ಪನ ಅಕ್ಕ. ನನ್ನನ್ನೂ ತಮ್ಮ ಗುರುಸಿದ್ದನನ್ನೂ ಸಾಕಿದವಳು. ಹೋದ ವರ್ಷ ಅವಳು ತೀರಿಕೊಂಡಾಗ ಮನೆಯನ್ನು ಇಬ್ಬರಿಗೂ ಸಮಪಾಲು ಬರೆದಿಟ್ಟಿದ್ದಳು. ಗುರುಸಿದ್ದ ಹೆಂಡತಿಯ ಊರಿನಲ್ಲಿದ್ದವನು ತಿಥಿ ಮುಗಿದ ಮೇಲೆ ಬಂದು ಪಡಸಾಲೆಯಲ್ಲೇ ಕುಳಿತ. ಅಲ್ಲಿ ಎಣ್ಣೆ ಗಾಣದಲ್ಲಿ ಪಾಲು ಸಿಗುತ್ತದೆ, ಅದಕ್ಕೆ ಹಣ ಬೇಕು, ಮನೆ ಮಾರಿಬಿಡೋಣ ಎಂದ. ಕೊಳ್ಳುವವರೂ ಸಿದ್ಧ. ಮದುವೆಗಳಿಗೆ ಪಾತ್ರೆ ಬಾಡಿಗೆ ಕೊಡುವ ಸಾವಕಾರರಿಗೆ ಗೋದಾಮು ಬೇಕಾಗಿತ್ತು.

“ಗೋದಾಮು ಮಾಡತಾರಂತ ಗೊತ್ತಿದ್ದೂ ಹೆಂಗ ಕೊಡಾಕ ಮನಸ ಬರತೈತೋ ನಿನಗ?” ಎಂದೆ.

“ಅಕ್ಕಾ, ಈ ಮನಿ ನಿಂದು. ನಂದೇನಿದ್ರೂ ಬರೇ ಪಾಲು,” ಎಂದ ಅವನು ನೆಲ ನೋಡುತ್ತ. “ನೀನ ನನ್ನ ಪಾಲಿನ ರೊಕ್ಕಾ ಕೊಟ್ಟು ಇಟಗೋ. ನಾ ಬ್ಯಾಡ ಅನ್ನೂದಿಲ್ಲ. ಯುಗಾದಿ ತನಕಾ ಕಾಯತೀನಿ.”

ಅವನ ಮೇಲೆ ಸಿಟ್ಟು ಬಂದರೂ ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗೋದಾಮಾದ ಮನೆಗಳನ್ನು ನಾನು ನೋಡಿದ್ದೇನೆ. ಒಳಗೆ ಮನುಷ್ಯರ ಮಾತಿಲ್ಲ, ಹೊಗಳುವವರೂ ಇಲ್ಲ, ಬೈಯುವವರೂ ಇಲ್ಲ. ಒಂದೆರಡು ವರ್ಷದಲ್ಲಿ ಅವು ಬರೀ ಕಲ್ಲುಮಣ್ಣಾಗಿಬಿಡುತ್ತವೆ. ಆಮೇಲೆ ಯಾರು ಬಂದು ಏನಂದರೂ ಒಂದು ಗೇಣೂ ಸರಿಯುವುದಿಲ್ಲ. ಅತ್ತೆಯ ಮನೆ ಹಾಗಾಗುವುದನ್ನು ನೋಡುತ್ತ ನಾನು ಅದೇ ಓಣಿಯಲ್ಲಿ ಬಾಡಿಗೆಗಿರಬೇಕೇ? ನನ್ನಿಂದ ಆಗದು ಎನಿಸಿತು.

ಹಣಕ್ಕೆ ಉಳಿದಿದ್ದು ಒಂದೇ ದಾರಿ, ಅದೇ ಮನೆಯನ್ನು ಬ್ಯಾಂಕಿಗೆ ಅಡ ಇಟ್ಟು ಸಾಲ ತರುವುದು. ತಂದು ತಮ್ಮನ ಪಾಲು ಕೊಟ್ಟರೆ ಮನೆ ನನ್ನದು. ಪೇಟೆಯ ಸಹಕಾರಿ ಬ್ಯಾಂಕಿಗೆ ಹೋದೆ. ಅಲ್ಲಿ ಸಾಲದ ಮೇಜಿಗೆ ಪಟ್ಟಣಶೆಟ್ಟಿ ಎಂಬ ಮೇಡಂ ಇದ್ದರು. ಕನ್ನಡಕಕ್ಕೆ ಸರಪಳಿ, ಮುಖದಲ್ಲಿ ನಗು, ಆದರೆ ನಿಯಮದಲ್ಲಿ ಎಳ್ಳಷ್ಟೂ ಸಡಿಲವಿಲ್ಲ.

“ಮನಿ ಎಷ್ಟ ಮಂಚದ್ದ್ರಿ?” ಎಂದು ಕೇಳಿದರು.

“ಎರಡು ಮಂಚದ್ದ್ರಿ.”

“ನಾಕ ಮಂಚ ಹಿಡಿಸಿದ್ರ ಮಾತ್ರ ಸಾಲ ಕೊಡತೀವ್ರಿ. ಅದಕ್ಕಿಂತ ಸಣ್ಣ ಮನಿ ಅಡಾ ಹಿಡಕೊಂಡ್ವಿ ಅಂತ ತಿಳೀರಿ. ನಾಳೆ ನೀವು ಸಿಟ್ಟಿಗೆದ್ದು ನಾಕ ಮಾತ ಬೈದ್ರ ನಮ್ಮ ಕೈಯಾಗ ಕೋಳಿಗೂಡು ಉಳೀತೈತಿ.”

ಹೊಗಳುವುದೇನು ದೊಡ್ಡ ಕೆಲಸ ಎಂದುಕೊಂಡು, “ಹಿಡಸ್ತೈತ್ರಿ ಮೇಡಂ, ಬಂದು ನೋಡ್ರಿ,” ಎಂದೆ.

“ಇನ್ನೊಂದೈತಿ. ಕಂತು ಕಟ್ಟಾಕ ತಿಂಗಳಾ ತಪ್ಪದ ಬರೂ ರೊಕ್ಕ ಏನೈತಿ ನಿಮಗ?”

“ಮಾಸಾಶನ ಐತ್ರಿ. ಜೀವಾ ಇರೂತನಕಾ ಬರತೈತಿ.”

“ಭಾಳ ಛಲೋ ಆತು. ಈ ವರ್ಷದ ಮಂಜೂರಿ ಕಾಗದಾ ತಂದು ಕೊಡ್ರಿ ಮತ್ತ.”

ತಲೆಯಾಡಿಸಿ ಹೊರಬಂದು ಮೆಟ್ಟಿಲು ಇಳಿಯುವಾಗ ನನ್ನ ಬುದ್ಧಿಗೆ ಹೊಳೆಯಿತು. ಇವರ ಸಾಲಕ್ಕೆ ಮನೆ ದೊಡ್ಡದಿರಬೇಕು. ಅವರ ಮಾಸಾಶನಕ್ಕೆ ಮನೆ ಸಣ್ಣದಿರಬೇಕು. ಅವರ ಕಾಗದವಿಲ್ಲದೆ ಇವರು ಸಾಲ ಕೊಡುವುದಿಲ್ಲ. ಒಬ್ಬಳೇ ಕಸ್ತೂರಿ ಒಂದೇ ಮನೆಯಲ್ಲಿ ಇದ್ದವಳೂ ಆಗಬೇಕು, ಇಲ್ಲದವಳೂ ಆಗಬೇಕು. ಮೆಟ್ಟಿಲ ಮೇಲೆಯೇ ಕುಳಿತು ನಕ್ಕುಬಿಟ್ಟೆ. ಕಾವಲಿನವನು ನೀರು ಬೇಕೇ ಎಂದು ಕೇಳಿದ.

ಪಕ್ಕದ ಮನೆಯ ಹಸೀನಾ ಬಳೆ ಮಾರುವವಳು. ನಾನು ಯಾವ ಕಷ್ಟ ಹೇಳಿಕೊಂಡರೂ ಅವಳಿಗೆ ಒಂದು ಉಪಾಯ ಹೊಳೆಯುತ್ತದೆ. ಕೈಗೆ ಬಳೆ ತೊಡಿಸುವಾಗಿನ ಹಾಗೆ ನನ್ನ ಬೆರಳುಗಳನ್ನು ಒತ್ತುತ್ತ ಎಲ್ಲ ಕೇಳಿಸಿಕೊಂಡಳು.

“ಇದರಾಗೇನೈತಿ ಕಸ್ತೂರಕ್ಕಾ? ಕುಲಗೋಡ ಸಾಹೇಬ್ರು ಬರೂದು ಗುರುವಾರ ಮಧ್ಯಾಹ್ನ ಹೌದಲ್ಲ? ಬ್ಯಾಂಕಿನಾಕಿಗೆ ಅವತ್ತ ಮುಂಜಾನೆ ಬಾ ಅನ್ನು. ಮುಂಜಾನೆ ನಾವೆಲ್ಲಾ ಕೂಡಿ ಹೊಗಳೂಣು. ಆಕಿ ಅಳಕೊಂಡು ಹ್ವಾದ ಮ್ಯಾಲೆ ನೀ ಒಂದ ತಾಸು ಬಾಯಿ ಬಿಚ್ಚು. ಸಾಹೇಬ್ರು ಬರೂದ್ರಾಗ ಎರಡ ಮಂಚಕ್ಕ ಬಂದ ಕುಂದರತೈತಿ.”

“ಮೋಸ ಆಗೂದಿಲ್ಲೇನು?”

“ಯಾಕ ಮೋಸ? ಮುಂಜಾನೆ ನಾಕ ಮಂಚ ಇರೂದೂ ಖರೇನ, ಮಧ್ಯಾಹ್ನ ಎರಡ ಮಂಚ ಇರೂದೂ ಖರೇನ. ಯಾರ ಯಾವಾಗ ಬಂದು ನೋಡಿದ್ರೋ ಅದು ಅವರ ಅದೃಷ್ಟ.”

ಅಷ್ಟು ಚೆನ್ನಾಗಿ ಹೇಳಿದ ಮೇಲೆ ನಾನೇಕೆ ಬೇಡ ಎನ್ನಲಿ?

ಗುರುವಾರ ಬೆಳಿಗ್ಗೆ ಹಸೀನಾ ತನ್ನ ಬಳೆ ಗಿರಾಕಿಗಳನ್ನೆಲ್ಲ ಕರೆತಂದಳು. ನಾನು ಎಲ್ಲರಿಗೂ ಅವಲಕ್ಕಿ ಹಚ್ಚಿ ಕೊಟ್ಟೆ. ತಿಂದ ಋಣಕ್ಕೆ ಅವರು ಬಾಯಿ ತುಂಬ ಹೊಗಳತೊಡಗಿದರು. “ಈ ಕಂಬ ನೋಡ್ರೆವಾ, ಮದಿಮಗಾ ನಿಂತಂಗ ನಿಂತೈತಿ,” ಎಂದಳು ಒಬ್ಬಳು. “ಒಲಿ ಕಟ್ಟಿ ನೋಡಿದ್ರ ಇಲ್ಲೇ ಕುಂತು ಉಣಬೇಕನಸತೈತಿ,” ಎಂದಳು ಇನ್ನೊಬ್ಬಳು. ಒಬ್ಬ ಅಜ್ಜಿ ಹೊಗಳಲು ಏನೂ ಕಾಣದೆ ಜೇಡರ ಬಲೆಯನ್ನು ನೋಡಿ, “ಹುಳಾ ಸುದ್ದಾ ಬಿಟ್ಟು ಹೋಗಾಕ ಮನಸಿಲ್ಲ ಇಂಥಾ ಮನಿ,” ಎಂದಳು. ಮನೆ ಮೊದಲು ನಾಚಿಕೊಂಡಂತೆ ಸ್ವಲ್ಪ ಕಿರುಗುಟ್ಟಿತು. ಆಮೇಲೆ ತೊಲೆಗಳು ಮೈಮುರಿದವು, ಪಡಸಾಲೆ ಅಗಲವಾಯಿತು, ದೀಪದ ಗೂಡು ದೊಡ್ಡದಾಗಿ ಅದರೊಳಗಿನ ಹಣತೆ ಪುಟ್ಟದಾಗಿ ಕಂಡಿತು. ಅಡುಗೆಮನೆ ಎಷ್ಟು ಹಿಂದಕ್ಕೆ ಹೋಯಿತೆಂದರೆ ಉಪ್ಪು ತರಲು ಹೋದವಳು ಬರುವಷ್ಟರಲ್ಲಿ ಅವಲಕ್ಕಿ ಮುಗಿದಿತ್ತು. ಪಕ್ಕದಲ್ಲಿ ಹಸೀನಾಳ ಗೋಡೆಗೆ ನಮ್ಮ ಗೋಡೆ ಒತ್ತಿ ಅವಳ ಬಳೆ ಪೆಟ್ಟಿಗೆಗಳು ಝಣ ಝಣ ಎಂದವು. ಅವಳು ಹಲ್ಲು ಕಚ್ಚಿ ತಡೆದುಕೊಂಡಳು.

“ನೀನೂ ಒಂದ ಮಾತ ಅನ್ನು,” ಎಂದು ನನ್ನನ್ನು ತಿವಿದಳು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಇಷ್ಟು ವರ್ಷ ಬೈದ ಬಾಯಿಗೆ ಒಳ್ಳೆಯ ಮಾತಿನ ರೂಢಿಯೇ ತಪ್ಪಿಹೋಗಿತ್ತು. ನಾಚಿಕೆಯಾಗಿ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಎಲ್ಲ ಸರಿಯಾಗಿತ್ತು, ಬ್ಯಾಂಕಿನ ಮೇಡಂ ಬರಲಿಲ್ಲ ಎನ್ನುವುದೊಂದನ್ನು ಬಿಟ್ಟು. ಮಂಚ ಹೇರಿಕೊಂಡ ಅವರ ತಳ್ಳುಗಾಡಿ ಹಿಂದಿನ ಓಣಿಯಲ್ಲಿ ಸಿಕ್ಕಿಕೊಂಡಿದೆ ಎಂದು ಸುದ್ದಿ ಬಂತು. ಅಲ್ಲೊಂದು ಮನೆಯಲ್ಲಿ ತೊಟ್ಟಿಲ ಕಾರ್ಯ. ಬಂದ ಬೀಗರೆಲ್ಲ ಕೂಸನ್ನೂ ಮನೆಯನ್ನೂ ಒಟ್ಟಿಗೇ ಹೊಗಳಿದ್ದರಿಂದ ಗೋಡೆ ಓಣಿಗೇ ಬಂದಿತ್ತು. ಗಾಡಿ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮನೆಯ ಯಜಮಾನನನ್ನು ಕರೆದು ಸ್ವಲ್ಪ ಬೈಯಪ್ಪಾ ಎಂದರೆ, ಆತ ಆಗಷ್ಟೇ ಅಜ್ಜನಾದವನು, ಖುಷಿಯಲ್ಲಿ ಒಂದು ಕೆಟ್ಟ ಮಾತೂ ನೆನಪಾಗಲೊಲ್ಲದು. ಕೊನೆಗೆ ಅವನ ಹೆಂಡತಿ ಕೈಯ ಕೆಲಸ ಬಿಟ್ಟು ಬಂದು ಮನೆಗೂ ಗಂಡನಿಗೂ ಸೇರಿಸಿ ಬೈದ ಮೇಲೆ ಗಾಡಿ ಬಿಡಿಸಿಕೊಂಡಿತಂತೆ.

ಅಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ಮುಗಿದಿತ್ತು. ನಮ್ಮ ಬಾಗಿಲ ಮುಂದೆ ಈ ಕಡೆಯಿಂದ ಮೇಡಂ ಅವರ ಗಾಡಿ, ಆ ಕಡೆಯಿಂದ ಕುಲಗೋಡ ಸಾಹೇಬರ ಸೈಕಲ್ಲು, ಎರಡೂ ಒಟ್ಟಿಗೇ ಬಂದು ನಿಂತವು.

ಕುಲಗೋಡ ಸಾಹೇಬರು ಸೈಕಲ್ಲು ನಿಲ್ಲಿಸಿ, ಹಣೆಯ ಬೆವರು ಒರೆಸಿಕೊಂಡು, “ಹೆಣ್ಮಕ್ಕಳು ಮೊದಲ ಆಗಲಿ,” ಎಂದು ದೊಡ್ಡ ಮನಸ್ಸು ಮಾಡಿದರು. ಮೇಡಂ ಗಾಡಿಯವನಿಂದ ಮಂಚ ಇಳಿಸಿ ಹಾಕಿಸಿದರು. ನಾಲ್ಕು ಮಂಚ ಸಲೀಸಾಗಿ ಹಿಡಿದವು. “ಭಾರೀ ಛಲೋ ಮನಿ ಐತ್ರಿ ನಿಮ್ದು,” ಎಂದುಬಿಟ್ಟರು. ಪಾಪ, ಬೇರೆ ಊರಿನವರು, ಸಂಗತಿ ಗೊತ್ತಿದ್ದರೂ ನಾಲಿಗೆಗೆ ರೂಢಿಯಿಲ್ಲ. ಗೋಡೆ ಇನ್ನಷ್ಟು ಸರಿಯಿತು. ಕುಲಗೋಡ ಸಾಹೇಬರು ಹೊಸ್ತಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು.

“ಯಕ್ಕಾರ, ನಿಮ್ದು ಎರಡ ಮಂಚದ ಮನಿ ಅಲ್ಲೇನ್ರಿ?”

“ಎರಡ ಮಂಚದ್ದ ರೀ ಸಾಹೇಬ್ರ. ಮುಂಜಾನೆ ಮಂದಿ ಬಂದಿದ್ರು. ಸ್ವಲ್ಪ ಉಬ್ಬೈತಿ, ಈಗ ಇಳಸತೀನಿ.”

“ಇಳಸ್ರಿ. ನಾ ನಿಲ್ಲತೀನಿ,” ಎಂದರು ಅವರು. ಅವರು ಕೆಟ್ಟವರಲ್ಲ. ಮೇಡಂಗೂ ನನ್ನ ಪೇಚು ಅರ್ಥವಾಗಿರಬೇಕು, ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕುಳಿತರು, ಕಾಣದಿದ್ದರೆ ನೋಡಿಲ್ಲ ಎನ್ನಬಹುದಲ್ಲ.

ನಾನು ಸೆರಗು ಸಿಕ್ಕಿಸಿಕೊಂಡು ದಿನದ ಬೈಗುಳ ಶುರುಮಾಡಿದೆ. ದರಿದ್ರ ಮನಿ ಎಂದೆ. ಖೋಡಿ ಎಂದೆ. ಸೋರುವ ಮಾಳಿಗೆ, ಹೊಗೆ ಹೋಗದ ಅಡುಗೆಮನೆ, ಇಲಿಗಳ ತವರು ಎಂದೆ. ದಿನಾ ಇಷ್ಟಕ್ಕೇ ಮುದುಡಿಕೊಳ್ಳುತ್ತಿದ್ದ ಮನೆ ಅವತ್ತು ಅಲ್ಲಾಡಲಿಲ್ಲ. ಇಡೀ ಬೆಳಿಗ್ಗೆ ಹೊಗಳಿಸಿಕೊಂಡ ಅಹಂಕಾರವೋ ಏನೋ. ಮತ್ತೊಮ್ಮೆ ಬೈದೆ. ಊಹೂಂ. ಕುಲಗೋಡ ಸಾಹೇಬರು ಗಡಿಯಾರ ನೋಡಿಕೊಂಡರು. ಯುಗಾದಿ ಹತ್ತಿರ ಬಂದಿತ್ತು. ಮಾಸಾಶನದ ಕಾಗದವಿಲ್ಲ ಎಂದರೆ ಸಾಲವಿಲ್ಲ, ಸಾಲವಿಲ್ಲ ಎಂದರೆ ಈ ಪಡಸಾಲೆಯಲ್ಲಿ ಇನ್ನೊಬ್ಬರ ಕೊಪ್ಪರಿಗೆಗಳು ಕವುಚಿ ಬೀಳುತ್ತವೆ. ನನಗೆ ಹೆದರಿಕೆಯಾಯಿತು. ಹೆದರಿಕೆಗೆ ಸಿಟ್ಟು ಬಂತು. ಕಂಬವನ್ನು ಅಂಗೈಯಿಂದ ಹೊಡೆದು ಬಾಯಿಗೆ ಬಂದದ್ದು ಅಂದೆ.

“ಮೂಳಾ! ಇವತ್ತ ಬೇಕಾಗಿತ್ತೇನ ನಿನಗ ಈ ಸೊಕ್ಕು? ಎಷ್ಟ ವರ್ಷಾತು ನಿನ್ನ ಕೂಡ ಏಗಾಕ ಹತ್ತಿ? ಮಳಿ ಬಂದ್ರ ಬಕೀಟ ಹಿಡಕೊಂಡು ನಿನ್ನ ಹಿಂದ ಓಡ್ಯಾಡೀನಿ. ಜ್ವರಾ ಬಂದ ಮಲಗಿದಾಗ ನಿನ್ನ ಗ್ವಾಡಿಗೆ ಮುಖಾ ಹಚ್ಚಿ ಮಲಗೀನಿ, ಅತ್ತಿ ಸತ್ತಾಗ ನಿನ್ನ ಮುಂದ ಅತ್ತೀನಿ, ಯಾರ ಮುಂದ ಅಳಲಿ ಮತ್ತ? ನಿನ್ನ ಕೊಟ್ಟ ನಾ ಎಲ್ಲಿಗ್ಹೋಗ್ಲಿ, ಖೋಡಿ? ನಾ ಇಲ್ಲಂದ್ರ ನಿನ್ನ ಕಸಾ ಯಾರ ಹೊಡೀತಾರ? ನಿನಗ ಯಾರ ಬೈತಾರ?”

ಮನೆ ಗುಡುಗಿದಂತೆ ಸದ್ದು ಮಾಡಿತು. ಇಳಿಯಿತು ಎಂದುಕೊಂಡು ಕಣ್ಣು ಒರೆಸಿಕೊಂಡು ನೋಡುತ್ತೇನೆ, ಪಡಸಾಲೆ ಒಂದು ಅಂಗಳದಷ್ಟಾಗಿತ್ತು. ಮಂಚಗಳು ಒಂದಕ್ಕೊಂದು ದೂರ ದೂರ ಹೋಗಿ ನಿಂತಿದ್ದವು. ಮೂಲೆಯಲ್ಲಿ ಹಿಂದೆಂದೂ ಇಲ್ಲದ ಒಂದು ಕಿಟಕಿ ತೆರೆದುಕೊಂಡು ಬಿಸಿಲು ಬರುತ್ತಿತ್ತು. ಪಕ್ಕದ ಮನೆಯಿಂದ ಹಸೀನಾ, “ಕಸ್ತೂರಕ್ಕಾ, ಬಳಿ ಒಡದೂವು!” ಎಂದು ಕೂಗಿದಳು. ನಾನು ಕಂಬ ಹಿಡಿದುಕೊಂಡು ನಿಂತುಬಿಟ್ಟೆ.

ಕುಲಗೋಡ ಸಾಹೇಬರು ಸೈಕಲ್ಲಿನಿಂದ ತಮ್ಮ ಮಂಚ ಬಿಚ್ಚಿ ತಂದು, ಬೇರೆ ಮಂಚಗಳ ಪಕ್ಕದಲ್ಲಿ ಹಾಕಿ, ಅದರ ಮೇಲೆ ಕುಳಿತರು. ಇನ್ನೂ ಒಂದಕ್ಕೆ ಜಾಗವಿತ್ತು.

“ಇದು ಬೈಗಳಲ್ಲ ಬಿಡ್ರಿ ಯಕ್ಕಾ,” ಎಂದರು.

“ಮತ್ತೇನ್ರಿ?”

“ಏನೋ ಗೊತ್ತಿಲ್ಲ. ನಮ್ಮವ್ವ ನನಗ ಹಿಂಗ ಬೈತಿದ್ಲು.” ಆಮೇಲೆ ಮೆಲ್ಲಗೆ ಹೇಳಿದರು, “ನಿಮ್ಮ ಮಾಸಾಶನಾ ನಿಲ್ಲತೈತ್ರಿ. ಮಂಚದ ಲೆಕ್ಕಾ ಹಂಗಿರಲಿ. ನಿರಾಧಾರ ಅಂದ್ರ ತಮ್ಮವರು ಅನ್ನೂದು ಒಂದೂ ಇಲ್ಲದವರು. ನಿಮ್ಮ ಮಾತಿಗೆ ಇಷ್ಟ ಹಿಗ್ಗೂದು ಒಂದು ಈ ಊರಾಗ ಐತಿ ಅಂದ ಮ್ಯಾಲೆ ನಾ ಹೆಂಗ ನಿರಾಧಾರ ಅಂತ ಬರೀಲಿ?”

ನನಗೆ ಅಳು ಬಂತು. ಹಣ ಹೋಯಿತೆಂಬ ಅಳು ಹೌದು, ಬರೀ ಅದಲ್ಲ. ಇಷ್ಟು ವರ್ಷ ಒಬ್ಬಂಟಿ ಎಂದು ಸರಕಾರಿ ಕಾಗದದಲ್ಲಿ ಓದಿಕೊಂಡು ನಾನೂ ಅದನ್ನೇ ನಂಬಿದ್ದೆ. ಅದು ಸುಳ್ಳು ಎಂದು ಯಾರೋ ಒಬ್ಬರು ಹೇಳಿದ್ದಕ್ಕೆ ಸಂತೋಷವೂ ಆಯಿತು, ಸಂತೋಷದಿಂದ ಹೊಟ್ಟೆ ತುಂಬುವುದಿಲ್ಲ ಎಂದು ಸಿಟ್ಟೂ ಬಂತು.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ಮನಿ ಅಂತೂ ಸಾಲಕ್ಕ ಅಡ್ಡಿಯಿಲ್ರಿ. ಆದ್ರ ಮಾಸಾಶನ ಹೋತು ಅಂದ್ರ ಕಂತು ಎಲ್ಲಿಂದ ಕಟ್ಟತೀರಿ? ನಾ ಹೆಂಗ ಮಾಡ್ಲಿ ಹೇಳ್ರಿ.” ಅವರಿಗೂ ಬೇಜಾರಾಗಿತ್ತು. ಗಾಡಿಯವನು ಬಿಸಿಲು ಇಳಿಯುವ ತನಕ ಮಂಚ ಹೊರುವುದಿಲ್ಲ ಎಂದು ಚಹಾದಂಗಡಿಗೆ ಹೋಗಿದ್ದ. ಹೋಗಬೇಕೆಂದರೂ ಅವರಿಗೆ ಹೋಗಲು ಆಗುವಂತಿರಲಿಲ್ಲ. ನಾನು ಚಹಾಕ್ಕೆ ನೀರಿಟ್ಟೆ.

ಚಹಾ ತರುವಷ್ಟರಲ್ಲಿ ಕುಲಗೋಡ ಸಾಹೇಬರು ತಮ್ಮ ಮಂಚದ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದರು. ಎಂಥ ಗೊರಕೆ! ಬಳೆ ಚೂರು ತುಂಬಿದ ಮೊರ ಹಿಡಿದು ಜಗಳಕ್ಕೆಂದು ಬಂದ ಹಸೀನಾ ಅದನ್ನು ಕೇಳಿ ಜಗಳ ಮರೆತು ನಕ್ಕಳು. ನಗುವಿಗೆ ಅವರು ಎಚ್ಚರಗೊಂಡು ಗಡಬಡಿಸಿ ಎದ್ದು ಕುಳಿತರು.

“ತಪ್ಪ ತಿಳಕೋಬ್ಯಾಡ್ರಿ,” ಎಂದರು. “ಮೈ ಚಾಚಿ ಮಲಗಿ ಭಾಳ ದಿನಾ ಆಗಿತ್ತು.”

“ಯಾಕ್ರಿ, ಮನ್ಯಾಗ ಮಲಗೂದಿಲ್ಲೇನು?” ಎಂದರು ಮೇಡಂ.

“ಮನಿ ಎಲ್ಲೈತ್ರಿ? ನಮ್ಮಾಕಿ ಕೂಡ ಜಗಳಾತು. ಆಕಿಗೆ ಬೈಯಾಕ ನನಗ ಧೈರ್ಯ ಇಲ್ಲ, ನನಗ ಬೈಯಾಕ ಆಕಿಗೆ ಮನಸಿಲ್ಲ. ಇಬ್ಬರೂ ಮನೀಗೆ ಬೈದ್ವಿ. ಇಂಥಾ ಮನ್ಯಾಗ ಯಾರ ಇರಬೇಕಂತ ಆಕಿ, ನಂಗೂ ಈ ಮನಿ ಸಾಕಾಗೈತಂತ ನಾನು. ಈಗ ಮನಿ ಹೆಂಗಾಗೈತೆಂದ್ರ ಆಕಿ ಒಬ್ಬಾಕಿ ಕಾಲ ಮಡಚಿ ಮಲಗಬೇಕು. ನಾ ಕಚೇರ್ಯಾಗ ಕುರ್ಚಿ ಮ್ಯಾಲೆ ನಿದ್ದಿ ಮಾಡತೀನಿ, ಅಲ್ಲಿ ಈ ಮಂಚಾ ಬಿಚ್ಚಾಕೂ ಜಾಗಾ ಇಲ್ಲ.”

“ನಮ್ಮ ಓಣ್ಯಾಗ ಇಂಥಾವ್ರು ಬೇಕಾದಷ್ಟ ಅದಾರ,” ಎಂದಳು ಹಸೀನಾ. “ಮೊನ್ನಿ ಕಿರಾಣಿ ಅಂಗಡಿಯಾಂವ ಅಕ್ಕಿ ಚೀಲದ ಮ್ಯಾಲೆ ಮಲಗಿದ್ದ. ಸೊಸಿ ಕೂಡ ಜಗಳಾ ಆಡಿ ಕುಂಬಾರರ ಮುದುಕಿ ಗುಡಿ ಕಟ್ಟಿ ಮ್ಯಾಲೆ ಮಲಗಿದ್ಲು.”

ನನ್ನ ಬಾಯಿ ನನ್ನ ಬುದ್ಧಿಗಿಂತ ಯಾವಾಗಲೂ ಮುಂದೆ. “ಮಂಚಾ ಹಾಕಿ ಕೊಡತೀನಿ, ಮುಂಜಾನೆ ಚಾನೂ ಕೊಡತೀನಿ. ಒಂದ ರಾತ್ರಿಗೆ ಏನ ಕೊಡತೀರಿ?” ಎಂದು ಕೇಳಿಯೇಬಿಟ್ಟೆ.

ಕುಲಗೋಡ ಸಾಹೇಬರು ಸುತ್ತ ನೋಡಿದರು, ಹೊಸ ಕಿಟಕಿಯ ಬಿಸಿಲು ನೋಡಿದರು, ಒಂದು ಮೊತ್ತ ಹೇಳಿದರು. ನಾನು ನಿರೀಕ್ಷಿಸಿದ್ದಕ್ಕಿಂತ ಅದು ಹೆಚ್ಚೇ ಇತ್ತು. ಅಷ್ಟರಲ್ಲಿ ಮೇಡಂ ಪೆನ್ನಿನ ಮುಚ್ಚಳ ಮತ್ತೆ ತೆಗೆದಿದ್ದರು.

“ಒಂದ ನಿಮಿಷ. ಇದನ್ನ ಆದಾಯ ಅಂತ ಬರೀಬೇಕಂದ್ರ ಇದು ತಿಂಗಳಾ ತಪ್ಪದ ಬರಬೇಕು. ಈ ಜಗಳ ತಿಂಗಳಾ ತಪ್ಪದ ಬರತಾವಂತ ಏನ ಖಾತ್ರಿ?”

ನಾವು ಮೂವರೂ ಅವರ ಮುಖ ನೋಡಿದೆವು. “ಮೇಡಂ,” ಎಂದರು ಕುಲಗೋಡ ಸಾಹೇಬರು ಬಹಳ ಮರ್ಯಾದೆಯಿಂದ, “ನಿಮ್ಮ ಲಗ್ನ ಆಗೈತೇನ್ರಿ?”

ಮೇಡಂ ತಲೆ ತಗ್ಗಿಸಿ ಬರೆದುಕೊಂಡರು. ಅವರ ಕಿವಿ ಕೆಂಪಾಗಿತ್ತು.

ಸಾಲ ಮಂಜೂರಾಯಿತು. ಮಾಸಾಶನ ನಿಂತಿತು. ಆ ತಿಂಗಳ ಮೊದಲ ವಾರ ಬಾಗಿಲು ನೋಡುತ್ತ ಕುಳಿತು, ಯಾರೂ ಬರುವುದಿಲ್ಲ ಎಂದು ನೆನಪಾಗಿ, ಡಬ್ಬಿಯ ಚಿಲ್ಲರೆ ಎಣಿಸಿದ್ದು ನಿಜ. ಆದರೆ ಓಣಿಯವರಿಂದ ಕೇಳಿ ತಂದು ಹಾಕಿದ ಮಂಚಗಳು ಖಾಲಿ ಬೀಳಲಿಲ್ಲ. ಒಂದು ಜೋಡಿ ರಾಜಿಯಾಗಿ ಹೋದರೆ ಇನ್ನೊಂದು ಮನೆಯಿಂದ ಒಬ್ಬರು ತಲೆದಿಂಬು ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಕುಲಗೋಡ ಸಾಹೇಬರು ಹೆಂಡತಿಯೊಡನೆ ರಾಜಿಯಾಗಿ ಹೋದರು, ಹಬ್ಬದ ಸೀರೆಯ ವಿಷಯಕ್ಕೆ ಮತ್ತೆ ಬಂದರು. ಒಡೆದ ಬಳೆಗಳ ದುಡ್ಡನ್ನು ಹಸೀನಾಗೆ ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ; ಬಂದ ಮಂದಿ ರಾಜಿಯಾಗಿ ಮನೆಗೆ ಹೋಗುವಾಗ ಹೆಂಡತಿಗೆ ಬಳೆ ಒಯ್ಯುತ್ತಿದ್ದರು, ಅವಳಿಗೆ ಅದೇ ಸಾಕಾಗಿತ್ತು.

ಯುಗಾದಿಗೆ ಮುಂಚೆ ಗುರುಸಿದ್ದ ಬಂದ. ರುಜು ಹಾಕಿದ. ನಾನು ಕೊಟ್ಟ ಹಣವನ್ನು ಎಣಿಸದೆ ಚೀಲದಲ್ಲಿಟ್ಟುಕೊಂಡ. ಇನ್ನು ಗೋದಾಮಿನ ಮಾತಿಲ್ಲ, ಮನೆ ನನ್ನದೇ ಆಯಿತು. ನಾನು ಕುಣಿಯಬೇಕಿತ್ತು. ಅವನ ಮುಖ ನೋಡಿ ಆಗಲಿಲ್ಲ. ಅವನು ಪಡಸಾಲೆಯ ನಡುವೆ ನಿಂತು ಗೋಡೆ, ತೊಲೆ, ಕಿಟಕಿ ಎಲ್ಲವನ್ನೂ ಹೊಸಬನಂತೆ ನೋಡುತ್ತಿದ್ದ.

“ಎಷ್ಟ ದೊಡ್ಡದಾಗೈತಲ್ಲ ಅಕ್ಕಾ. ನಿನ್ನ ಮಾತಂದ್ರ ಅದಕ್ಕ ಮೊದಲಿಂದನೂ ಭಾಳ ಪ್ರೀತಿ.”

“ನನ್ನ ಮಾತು ಅಂದ್ರೇನು, ದಿನಾ ಬೈತಿದ್ದೆ.”

“ನಾನೂ ಬೈತಿದ್ನಿ,” ಎಂದ. “ಅವ್ವ ಸತ್ತ ಮ್ಯಾಲೆ ಇಲ್ಲಿಗೆ ಕರಕೊಂಡ ಬಂದ್ರಲ್ಲ, ಆವಾಗ. ನನ್ನ ಗೆಳೆಯಾರು ತಮ್ಮ ತಮ್ಮ ಮನೀಗೆ ಬೈದು ಸಣ್ಣದ ಮಾಡಿ ಆಟ ಆಡತಿದ್ರು. ನಾ ಜ್ವಾಳದ ಚೀಲದ ಹಿಂದ ಕುಂತು ದಿನಾ ಬೈತಿದ್ನಿ. ಒಂದ ಬಟ್ಟಿನಷ್ಟೂ ಸರೀಲಿಲ್ಲ. ಆವಾಗ ತಿಳೀತು ನನಗ, ನಾ ಇಲ್ಲಿಯಾಂವಲ್ಲ, ಬಂದ ಮಂದಿ ಅಂತ. ಅತ್ತಿ ಪಾಲ ಕೊಟ್ಲು ಖರೆ, ಮನಿ ಒಪ್ಪಬೇಕಲ್ಲ.”

ನನಗೆ ಇದು ಗೊತ್ತೇ ಇರಲಿಲ್ಲ. ಅವನನ್ನು ಮಾತು ಕಡಿಮೆಯ ಹುಡುಗ ಎಂದುಕೊಂಡಿದ್ದೆ, ಅಷ್ಟೇ. ಊಟ ಮಾಡಿ ಹೋಗು ಎಂದೆ. ಬೇಡ, ಬಸ್ಸಿದೆ ಎಂದ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದವನು ನಿಂತ. ಹಿಂದಿರುಗಿ ನೋಡದ ಹಾಗೆ, ನನಗೆ ಕೇಳಬಾರದು ಎಂಬಂತೆ, ಬಾಗಿಲ ಚೌಕಟ್ಟಿಗೆ ಬಾಯಿ ಹತ್ತಿರ ಇಟ್ಟು ಗೊಣಗಿದ.

“ಇರು ನೀ ಇಲ್ಲೇ, ಸುಡಗಾಡ ಮನಿ. ನಾ ಹೊಂಟೆ.”

ತೊಲೆಗಳೆಲ್ಲ ಒಮ್ಮೆ ನರಳಿದವು. ಪಡಸಾಲೆ ಸರ್ರನೆ ಮುದುಡಿ ಮಂಚಗಳು ಒಂದಕ್ಕೊಂದು ಬಡಿದುಕೊಂಡವು, ಮಲಗಿದ್ದ ಕುಲಗೋಡ ಸಾಹೇಬರು “ಭೂಕಂಪ, ಭೂಕಂಪ!” ಎಂದು ಚೀರುತ್ತ ಎದ್ದರು. ಬಾಗಿಲ ಮೇಲಿನ ಕಟ್ಟಿಗೆ ಒಂದು ಗೇಣು ಕೆಳಗಿಳಿದು, ಹೊರಗೆ ಹೆಜ್ಜೆಯಿಡುತ್ತಿದ್ದ ಗುರುಸಿದ್ದನ ಹಣೆಗೆ ಠಣ್ಣೆಂದು ಬಡಿಯಿತು.

ಅವನು ಹಣೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತ. ಬುಗುಟಿ ಎದ್ದಿತ್ತು. ನೋವಾಗಿರಬೇಕೆಂದು ಓಡಿ ಹೋದರೆ ಅವನು ನಗುತ್ತಿದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ನಗುತ್ತಿದ್ದ.

“ಅಕ್ಕಾ, ನೋಡಿದೇನ? ನೋಡಿದೇನ ನೀನು?”

“ನೋಡಿದೆ ಮಂಗ್ಯಾ,” ಎಂದೆ. “ಬಸ್ಸು ನಾಳೆನೂ ಐತಿ. ಏಳು, ಒಳಗ ಬಾ. ಬಗ್ಗಿ ಬಾ.”

ಅವನು ಚೀಲ ಕೆಳಗಿಟ್ಟು, ಬಗ್ಗಿ ಒಳಗೆ ಬಂದ.